ಚೆಂಡು ಹಿಡಿಯುವ ಕೈಗಳಿಗೆ ಪಾಠ ಹೇಳಿದವರು

2022ರ ಜನವರಿ 1. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾದಲ್ಲಿ ‘ರೋಸ್ ಬೌಲ್’ ಪಂದ್ಯ. ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ಪಂದ್ಯಗಳಲ್ಲಿ ಇದು ಬಹು ಹಳೆಯದು, ಪ್ರತಿಷ್ಠೆಯದು. ಅಂದು ಒಂದು ಕಡೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ, ಇನ್ನೊಂದು ಕಡೆ ಯೂಟಾ ವಿಶ್ವವಿದ್ಯಾಲಯದ ತಂಡ. ಒಹಾಯೊ ತಂಡದಲ್ಲಿ ಚೆಂಡು ಹಿಡಿಯುವುದರಲ್ಲಿ ಹೆಸರಾದ ಇಬ್ಬರು, ಗ್ಯಾರೆಟ್ ವಿಲ್ಸನ್ ಮತ್ತು ಕ್ರಿಸ್ ಒಲಾವೆ, ಅಂದು ಆಡಲಿಲ್ಲ. ವೃತ್ತಿಪರ ತಂಡಗಳ ಆಯ್ಕೆ ಎದುರಿಗಿದ್ದಾಗ ಕಾಲು ಮುರಿದುಕೊಳ್ಳುವ ಅಪಾಯಕ್ಕೆ ಅವರು ಸಿದ್ಧರಿರಲಿಲ್ಲ. ಮಧ್ಯಂತರದ ಹೊತ್ತಿಗೆ ಯೂಟಾ 35-21ರಿಂದ ಮುಂದಿತ್ತು.

ಆದರೆ ಪಂದ್ಯ ಮುಗಿದಾಗ ಅಂಕಫಲಕ ಒಹಾಯೊ 48, ಯೂಟಾ 45 ಎಂದು ತೋರಿಸುತ್ತಿತ್ತು. ಜಾಕ್ಸನ್ ಸ್ಮಿತ್-ಇನ್‌ಜಿಗ್ಬಾ ಎಂಬ ತರುಣ 15 ಸಲ ಚೆಂಡು ಹಿಡಿದು 347 ಗಜ ಗಳಿಸಿದ್ದರು. ಇಂತಹ ದೊಡ್ಡ ಪಂದ್ಯಗಳಲ್ಲಿ ಅಷ್ಟು ಗಜವನ್ನು ಅದುವರೆಗೆ ಯಾರೂ ಗಳಿಸಿರಲಿಲ್ಲ. ಆ ಋತುವಿನಲ್ಲಿ ಹೆಚ್ಚಾಗಿ ಬದಲಿ ಆಟಗಾರರಾಗಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಮೂರು ಟಚ್‌ಡೌನ್ ಹಿಡಿದಿದ್ದರು. ಮೊದಲ ಸಾಲಿನ ಇಬ್ಬರು ಇಲ್ಲದಿದ್ದರೂ ಎರಡನೆಯ ಸಾಲಿನಿಂದ ಇಷ್ಟು ಪಳಗಿದ ಕೈಗಳು ಬಂದದ್ದು ಎಲ್ಲಿಂದ?

ಇದಕ್ಕೆ ಉತ್ತರ ಒಬ್ಬ ವ್ಯಕ್ತಿಯಲ್ಲಿದೆ, ಒಂದು ಪರಂಪರೆಯಲ್ಲೂ ಇದೆ. ವ್ಯಕ್ತಿ, ಆ ತಂಡದಲ್ಲಿ ಚೆಂಡು ಹಿಡಿಯುವವರಿಗಷ್ಟೇ ಪಾಠ ಹೇಳುತ್ತಿದ್ದ ತರಬೇತುದಾರ ಬ್ರಯನ್ ಹಾರ್ಟ್‌ಲೈನ್. ಪರಂಪರೆಯಾದರೋ ನೂರು ವರ್ಷಗಳಿಗೂ ಹಿಂದಿನದು. ಅದು ಶುರುವಾದದ್ದು ಆಟದ ಸೊಗಸಿಗಾಗಿ ಅಲ್ಲ, ಹುಡುಗರ ಜೀವ ಉಳಿಸುವುದಕ್ಕಾಗಿ.

ಇದು ಯಾವ ಆಟ?

ಭಾರತದಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟ. ಅಮೆರಿಕದವರು ಅದನ್ನು ‘ಸಾಕರ್’ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಎರಡೂ ತುದಿ ಚೂಪಾದ ಅಂಡಾಕಾರದ್ದು, ಅದನ್ನು ಬಹುಪಾಲು ಕೈಯಲ್ಲೇ ಹಿಡಿದು ಆಡುತ್ತಾರೆ. ಒಂದೊಂದು ಕಡೆ 11 ಆಟಗಾರರು. ಮೈದಾನದ ಉದ್ದ 100 ಗಜ. ಚೆಂಡು ಪಡೆದ ತಂಡಕ್ಕೆ ನಾಲ್ಕು ಪ್ರಯತ್ನಗಳು. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ.

ಚೆಂಡನ್ನು ಮುಂದೆ ಒಯ್ಯಲು ಎರಡು ದಾರಿ. ಅದನ್ನು ಬಗಲಲ್ಲಿ ಇಟ್ಟುಕೊಂಡು ಎದುರಾಳಿಗಳ ನಡುವೆ ನುಗ್ಗುವುದು ಒಂದು. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಅದನ್ನು ಮುಂದಕ್ಕೆ ಎಸೆದು, ಓಡುತ್ತಿರುವ ಇನ್ನೊಬ್ಬ ಅದನ್ನು ಹಿಡಿಯುವುದು ಇನ್ನೊಂದು. ಹೀಗೆ ಹಿಡಿಯುವುದಕ್ಕೆಂದೇ ಗುಂಪಿನಿಂದ ದೂರ, ಮೈದಾನದ ಅಂಚಿನ ಕಡೆ ನಿಲ್ಲುವವರೇ ‘ವೈಡ್ ರಿಸೀವರ್’ಗಳು. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವನನ್ನು ಯಾರೂ ತಡೆಯುವುದಿಲ್ಲ. ಇಲ್ಲಿ ಹಾಗಲ್ಲ. ಬೆನ್ನಿಗೇ ಒಬ್ಬ ಕಾವಲುಗಾರನಿರುತ್ತಾನೆ. ಅವನನ್ನು ವಂಚಿಸಿ ಬಿಡಿಸಿಕೊಳ್ಳಬೇಕು, ಓಡುತ್ತಲೇ ಹಿಡಿಯಬೇಕು, ಹಿಡಿದ ಮರುಗಳಿಗೆಯಲ್ಲೇ ಬೀಳುವ ಹೊಡೆತಕ್ಕೆ ಮೈ ಕೊಡಬೇಕು.

ಸಾವಿನ ಋತು

1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದದ್ದು ಅಮೆರಿಕದ ಮೊದಲ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯ ಎನ್ನುತ್ತಾರೆ. 1880ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ನಿಯಮಗಳನ್ನು ತಿದ್ದಿ ಆಟಕ್ಕೆ ಈಗಿನ ಚೌಕಟ್ಟು ಹಾಕಿಕೊಟ್ಟರು. ಆದರೆ ಆಗ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಮೂರು ಪ್ರಯತ್ನದಲ್ಲಿ ಐದು ಗಜ ಹೋದರೆ ಸಾಕಿತ್ತು. ಹಾಗಾಗಿ ಎಲ್ಲ ತಂಡಗಳೂ ಒಂದೇ ಉಪಾಯ ಹಿಡಿದವು: ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡು, ನಡುವೆ ಚೆಂಡು ಇಟ್ಟುಕೊಂಡು, ಎದುರಿನ ಗುಂಪಿನ ಮೇಲೆ ಬೀಳುವುದು. 1892ರಲ್ಲಿ ಹಾರ್ವರ್ಡ್ ತಂಡ ಬಾಣದ ಮೊನೆಯಂತೆ ಕಟ್ಟಿಕೊಂಡು ಓಡಿಬಂದು ಅಪ್ಪಳಿಸುವ ವ್ಯೂಹವೊಂದನ್ನು ಹೂಡಿತು. ಮುಂದೆ ಅದನ್ನು ನಿಷೇಧಿಸಿದರೂ ರಾಶಿ ಬೀಳುವ ಆಟ ನಿಲ್ಲಲಿಲ್ಲ. ತಲೆಗೆ ಶಿರಸ್ತ್ರಾಣ ಕಡ್ಡಾಯವಾಗಿರಲಿಲ್ಲ. ಕಾಲೇಜು ಆಟದಲ್ಲಿ ಅದು ಕಡ್ಡಾಯವಾದದ್ದು 1939ರಲ್ಲಿ.

1905ರ ಋತುವಿನಲ್ಲಿ ದೇಶದಾದ್ಯಂತ ಈ ಆಟದಿಂದ 18 ಮಂದಿ ಸತ್ತರೆಂಬ ಲೆಕ್ಕ ಆಗಿನ ಪತ್ರಿಕೆಗಳಲ್ಲಿ ಬಂತು. ಸತ್ತವರಲ್ಲಿ ಹೆಚ್ಚಿನವರು ಶಾಲಾ ವಯಸ್ಸಿನ ಹುಡುಗರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸ್ವತಃ ಈ ಆಟದ ಅಭಿಮಾನಿ, ಅವರ ಮಗ ಅದೇ ವರ್ಷ ಹಾರ್ವರ್ಡ್‌ನ ಹೊಸ ವಿದ್ಯಾರ್ಥಿಗಳ ತಂಡದಲ್ಲಿ ಆಡುತ್ತಿದ್ದ. ಅಕ್ಟೋಬರ್ 9ರಂದು ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿಪಡಿಸಿಕೊಳ್ಳುವಂತೆ ಒತ್ತಾಯಿಸಿದರು. ನವೆಂಬರ್ 25ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದಲ್ಲಿ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಎಂಬ ವಿದ್ಯಾರ್ಥಿ ತಲೆಗೆ ಪೆಟ್ಟಾಗಿ ಸತ್ತ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮುಖ್ಯಸ್ಥ ಹೆನ್ರಿ ಮೆಕ್ರಾಕನ್ ಇತರ ಕಾಲೇಜುಗಳ ಸಭೆ ಕರೆದರು. ಕೊಲಂಬಿಯಾ ಆಟವನ್ನೇ ಕೈಬಿಟ್ಟಿತು. ಪಶ್ಚಿಮ ಕರಾವಳಿಯಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ರಗ್ಬಿಗೆ ಹೊರಳಿದವು. ಕಾಲೇಜು ಕ್ರೀಡೆಗಳನ್ನು ಇಂದಿಗೂ ನಿಯಂತ್ರಿಸುತ್ತಿರುವ ಎನ್‌ಸಿಎಎ ಸಂಸ್ಥೆ ಹುಟ್ಟಿದ್ದು ಈ ಬಿಕ್ಕಟ್ಟಿನಿಂದಲೇ.

1906ರ ಹೊಸ ನಿಯಮಗಳಲ್ಲಿ ಎರಡು ಮುಖ್ಯವಾದವು. ಮುಂದೆ ಹೋಗಬೇಕಾದ ದೂರ 5 ಗಜದಿಂದ 10 ಗಜಕ್ಕೇರಿತು. ಚೆಂಡನ್ನು ಮುಂದಕ್ಕೆ ಎಸೆಯುವ ‘ಫಾರ್ವರ್ಡ್ ಪಾಸ್’ಗೆ ಅನುಮತಿ ಸಿಕ್ಕಿತು. ಆಟಗಾರರು ಮೈದಾನದ ತುಂಬ ಹರಡಿಕೊಂಡರೆ ರಾಶಿ ಬೀಳುವುದು ತಪ್ಪುತ್ತದೆ ಎಂಬುದು ಲೆಕ್ಕಾಚಾರ. ಚೆಂಡು ಹಿಡಿಯುವವನ ಕೆಲಸ ಹುಟ್ಟಿದ್ದು ಹೀಗೆ, ಹುಡುಗರ ಸಾವನ್ನು ತಡೆಯುವ ಉಪಾಯವಾಗಿ.

ಮೊದಲ ಎಸೆತ, ಮೊದಲ ಸೋಲು

ಅನುಮತಿ ಸಿಕ್ಕಿತೇನೋ ನಿಜ, ಎಸೆಯುವ ಬಗೆ ಹಿಡಿಯುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಆಗಿನ ಚೆಂಡು ಈಗಿನದಕ್ಕಿಂತ ದುಂಡಗೆ, ದಪ್ಪಗೆ ಇತ್ತು. ನಿಯಮವೂ ಕಠಿಣ: ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಯದು. ಇಂತಹ ಜೂಜಿಗೆ ಪೂರ್ವದ ದೊಡ್ಡ ಕಾಲೇಜುಗಳು ಕೈಹಾಕಲು ಹಿಂಜರಿದವು.

ಕೈಹಾಕಿದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತರಬೇತುದಾರ ಎಡ್ಡಿ ಕೋಕೆಮ್ಸ್. ಋತು ಆರಂಭವಾಗುವ ಮುನ್ನ ಅವರು ಹುಡುಗರನ್ನು ವಿಸ್ಕಾನ್ಸಿನ್ ರಾಜ್ಯದ ಬ್ಯೂಲಾ ಸರೋವರದ ಬಳಿಗೆ ಕರೆದೊಯ್ದು, ಎಸೆಯುವುದನ್ನೂ ಹಿಡಿಯುವುದನ್ನೂ ಅಭ್ಯಾಸ ಮಾಡಿಸಿದರು. 1906ರ ಸೆಪ್ಟೆಂಬರ್ 5ರಂದು ಅದೇ ರಾಜ್ಯದ ವಾಕೆಶಾದಲ್ಲಿ ಕ್ಯಾರಲ್ ಕಾಲೇಜಿನ ವಿರುದ್ಧ ಬ್ರ್ಯಾಡ್‌ಬರಿ ರಾಬಿನ್ಸನ್ ಎಂಬ ವಿದ್ಯಾರ್ಥಿ ಜ್ಯಾಕ್ ಶ್ನೈಡರ್‌ಗೆ ಚೆಂಡು ಎಸೆದ. ಅದು ನಿಯಮಬದ್ಧವಾದ ಮೊದಲ ಫಾರ್ವರ್ಡ್ ಪಾಸ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆ ಎಸೆತ ಕೈಗೆ ಸಿಗಲಿಲ್ಲ, ಚೆಂಡು ಎದುರಾಳಿಯ ಪಾಲಾಯಿತು. ಮುಂದೆ ಅದೇ ಪಂದ್ಯದಲ್ಲಿ ರಾಬಿನ್ಸನ್ ಮತ್ತೆ ಎಸೆದ, ಶ್ನೈಡರ್ 20 ಗಜ ದೂರದಲ್ಲಿ ಹಿಡಿದು ಟಚ್‌ಡೌನ್ ಗಳಿಸಿದ. ಸೇಂಟ್ ಲೂಯಿಸ್ 22-0ಯಿಂದ ಗೆದ್ದಿತು. ಆ ಋತುವಿನ 11 ಪಂದ್ಯಗಳನ್ನೂ ಗೆದ್ದ ತಂಡ ಗಳಿಸಿದ್ದು 407 ಅಂಕ, ಬಿಟ್ಟುಕೊಟ್ಟದ್ದು 11 ಮಾತ್ರ.

ಮರುವರ್ಷ ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ ಇದನ್ನು ಇನ್ನಷ್ಟು ಬೆಳೆಸಿತು. ಕಾರ್ಲೈಲ್‌ನ ಚರಿತ್ರೆ ನೋವಿನದು. ಅಮೆರಿಕದ ಮೂಲನಿವಾಸಿ ಮಕ್ಕಳನ್ನು ತಂದೆ ತಾಯಿಯರಿಂದ ದೂರ ತಂದು, ಕೂದಲು ಕತ್ತರಿಸಿ, ಸ್ವಂತ ಭಾಷೆ ಮರೆಸಲು 1879ರಲ್ಲಿ ಸರ್ಕಾರ ತೆರೆದ ಶಾಲೆ ಅದು. ಆ ಶಾಲೆಯ ಹುಡುಗರು ಬಿಳಿಯರ ಆಟವನ್ನು ಕಲಿತು ಬಿಳಿಯರ ದೊಡ್ಡ ಕಾಲೇಜುಗಳನ್ನೇ ಸೋಲಿಸುತ್ತಿದ್ದರು. ತರಬೇತುದಾರ ಗ್ಲೆನ್ ‘ಪಾಪ್’ ವಾರ್ನರ್. 1907ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದಲ್ಲಿ, ತಂಡದ ಒಂದು ತುದಿಯಲ್ಲಿ ಆಡುತ್ತಿದ್ದ ಆಲ್ಬರ್ಟ್ ಎಕ್ಸೆಂಡೈನ್ ಹೆಜ್ಜೆ ಇಟ್ಟಲ್ಲೆಲ್ಲ ಎದುರಾಳಿಗಳು ಕೆಡವುತ್ತಿದ್ದರು. ಆಗ ಎಕ್ಸೆಂಡೈನ್ ಗೆರೆ ದಾಟಿ ಮೈದಾನದ ಹೊರಗೆ ಓಡಿ, ಆಟಗಾರರ ಬೆಂಚಿನ ಹಿಂದಿನಿಂದ ಸುತ್ತಿಬಂದು, ಮುಂದೆ ಮತ್ತೆ ಒಳಹೊಕ್ಕು ಚೆಂಡು ಹಿಡಿದರು. ಅದನ್ನು ತಡೆಯುವ ನಿಯಮ ಆಗ ಇರಲಿಲ್ಲ, ಆಮೇಲೆ ಬಂತು. ಎಕ್ಸೆಂಡೈನ್ ಮುಂದೆ ಜಾರ್ಜ್‌ಟೌನ್ ಮೊದಲಾದ ಕಾಲೇಜುಗಳಲ್ಲಿ ತಾವೇ ತರಬೇತುದಾರರಾದರು. ಹಿಡಿದವರೇ ಮುಂದೆ ಹಿಡಿಯಲು ಕಲಿಸುವ ಕ್ರಮ ಆಗಲೇ ಮೊದಲಾಗಿತ್ತು.

ಮರಳ ದಂಡೆಯ ಅಭ್ಯಾಸ

1912ರಲ್ಲಿ ನಿಯಮಗಳು ಇನ್ನೂ ಸಡಿಲವಾದವು. ಎಸೆತಕ್ಕಿದ್ದ 20 ಗಜದ ಮಿತಿ ಹೋಯಿತು, ಪ್ರಯತ್ನಗಳು ಮೂರರಿಂದ ನಾಲ್ಕಾದವು. ಮರುವರ್ಷದ ಬೇಸಿಗೆಯಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ರಜೆಯ ಕೆಲಸಕ್ಕೆಂದು ಒಹಾಯೊ ರಾಜ್ಯದ ಈರಿ ಸರೋವರದ ದಡದಲ್ಲಿರುವ ಸೀಡರ್ ಪಾಯಿಂಟ್ ಎಂಬ ವಿಹಾರಧಾಮಕ್ಕೆ ಹೋದರು. ಒಬ್ಬರು ಎಸೆಯುವ ಗಸ್ ಡೊರೆ, ಇನ್ನೊಬ್ಬರು ಹಿಡಿಯುವ ಕ್ನೂಟ್ ರಾಕ್ನಿ. ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು ಈ ರಾಕ್ನಿ. ಬಿಡುವು ಸಿಕ್ಕಾಗಲೆಲ್ಲ ಇಬ್ಬರೂ ಮರಳಿನ ಮೇಲೆ ಓಡುತ್ತ ಅಭ್ಯಾಸ ಮಾಡಿದರು. ನಿಂತು, ಕಾದು, ಎದೆಗೆ ಅಪ್ಪಿ ಹಿಡಿಯುವ ಬದಲು, ಓಟದ ವೇಗ ತಗ್ಗಿಸದೆ, ಕೈಗಳನ್ನು ಸಡಿಲಬಿಟ್ಟು ಬೆರಳುಗಳಿಂದ ಹಿಡಿಯುವುದನ್ನು ರಾಕ್ನಿ ರೂಢಿಸಿಕೊಂಡರು.

ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿಯ ಬಲಿಷ್ಠ ತಂಡ ಇವರಿಗೆ ಎದುರಾಯಿತು. ಡೊರೆ ಎಸೆದ 17 ಚೆಂಡುಗಳಲ್ಲಿ 14 ಕೈಸೇರಿದವು, 243 ಗಜ ಬಂತು. ನೋಟರ್ ಡೇಮ್ ಗೆದ್ದದ್ದು 35-13ರಿಂದ. ಫಾರ್ವರ್ಡ್ ಪಾಸ್ ಹುಟ್ಟಿದ್ದೇ ಆ ದಿನ ಎಂಬ ಕತೆ ಬಹುಕಾಲ ಪ್ರಚಾರದಲ್ಲಿತ್ತು. ಅದು ನಿಜವಲ್ಲ ಎಂಬುದಕ್ಕೆ ಕೋಕೆಮ್ಸ್ ಮತ್ತು ಕಾರ್ಲೈಲ್‌ನ ಹುಡುಗರೇ ಸಾಕ್ಷಿ. ಆದರೆ ಪೂರ್ವದ ಪತ್ರಿಕೆಗಳ ಕಣ್ಣೆದುರು ನಡೆದದ್ದರಿಂದ ದೇಶವೆಲ್ಲ ನಂಬಿದ್ದು ಆ ದಿನವೇ.

ಆ ಪಂದ್ಯಕ್ಕಿಂತ ದೊಡ್ಡದು ರಾಕ್ನಿ ಆಮೇಲೆ ಮಾಡಿದ ಕೆಲಸ. 1918ರಲ್ಲಿ ಅವರು ನೋಟರ್ ಡೇಮ್‌ನ ಮುಖ್ಯ ತರಬೇತುದಾರರಾದರು, 1931ರಲ್ಲಿ ವಿಮಾನ ಅಪಘಾತದಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅವರ ಬಳಿ ಕಲಿತ ಫ್ರ್ಯಾಂಕ್ ಥಾಮಸ್ ಮುಂದೆ ದಕ್ಷಿಣದ ಅಲಬಾಮಾ ವಿಶ್ವವಿದ್ಯಾಲಯದ ತರಬೇತುದಾರರಾದರು. ಥಾಮಸ್ ಅವರ ತಂಡದ ಒಂದು ತುದಿಯಲ್ಲಿ ಆಡಿದ ಡಾನ್ ಹಟ್ಸನ್, 1935ರ ಜನವರಿ 1ರ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ ಎರಡು ಟಚ್‌ಡೌನ್ ಹಿಡಿದರು. ಅಲಬಾಮಾ 29-13ರಿಂದ ಗೆದ್ದಿತು. ಹಟ್ಸನ್ ಅಲ್ಲಿಂದ ವೃತ್ತಿಪರ ತಂಡವಾದ ಗ್ರೀನ್ ಬೇ ಪ್ಯಾಕರ್ಸ್ ಸೇರಿದರು. ಅಲ್ಲಿನ ತರಬೇತುದಾರ ಕರ್ಲಿ ಲ್ಯಾಂಬೊ ಕೂಡ ರಾಕ್ನಿಯ ಕೈಕೆಳಗೆ ಆಡಿದವರೇ. ಒಂದು ಕಡೆಗೆ ಹೋಗುವಂತೆ ಹೆಜ್ಜೆ ತೋರಿಸಿ ಇನ್ನೊಂದು ಕಡೆಗೆ ತಿರುಗುವ ಕಲೆಯಲ್ಲಿ ಹಟ್ಸನ್ ಎಷ್ಟು ಪಳಗಿದರೆಂದರೆ, 1945ರಲ್ಲಿ ನಿವೃತ್ತರಾದಾಗ ಅವರು ಹಿಡಿದಿದ್ದ 99 ಟಚ್‌ಡೌನ್‌ಗಳ ದಾಖಲೆ 1989ರವರೆಗೂ ಅಳಿಯಲಿಲ್ಲ. ಸರೋವರದ ದಂಡೆಯಲ್ಲಿ ಮೊದಲಾದ ಪಾಠ ಎರಡೇ ತಲೆಮಾರಿನಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು.

ಒಂದು ಸ್ಥಾನಕ್ಕೆ ಒಬ್ಬ ಗುರು

ಇಷ್ಟಾದರೂ ಚೆಂಡು ಹಿಡಿಯುವವರಿಗಾಗಿಯೇ ಪ್ರತ್ಯೇಕ ತರಬೇತುದಾರ ಎಂಬ ಕಲ್ಪನೆ ಬಲಗೊಳ್ಳಲು ಕಾಲ ಹಿಡಿಯಿತು. ಆಗೆಲ್ಲ ಆಟಗಾರನೊಬ್ಬ ಆಕ್ರಮಣದಲ್ಲೂ ರಕ್ಷಣೆಯಲ್ಲೂ ಆಡಬೇಕಿತ್ತು. 1941ರಲ್ಲಿ ಬದಲಿ ಆಟಗಾರರ ನಿಯಮ ಸಡಿಲವಾಯಿತು, 1953ರಲ್ಲಿ ಮತ್ತೆ ಬಿಗಿಯಾಯಿತು, 1965ರಲ್ಲಿ ಪೂರ್ತಿ ತೆರೆಯಿತು. ಅಲ್ಲಿಂದಾಚೆಗೆ ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ. ಹುಡುಗನೊಬ್ಬ ಕಾಲೇಜಿನ ನಾಲ್ಕು ವರ್ಷವೂ ಒಂದೇ ಕೆಲಸ ಕಲಿಯುವುದು ಸಾಧ್ಯವಾಯಿತು. ಕೆಲಸ ಬೇರೆಯಾದ ಮೇಲೆ ಪಾಠವೂ ಬೇರೆಯಾಗಬೇಕು. ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬ ತರಬೇತುದಾರ ಇರುವ ಪದ್ಧತಿ ಬೇರೂರಿದ್ದು ಹೀಗೆ.

ಪಾಠಕ್ಕೆ ಪಠ್ಯವೂ ಸಿದ್ಧವಾಯಿತು. ಇದರಲ್ಲಿ ಸಿಡ್ ಗಿಲ್ಮನ್ ಅವರ ಪಾತ್ರ ದೊಡ್ಡದು. 1930ರ ದಶಕದ ಆರಂಭದಲ್ಲಿ ಒಹಾಯೊ ಸ್ಟೇಟ್ ತಂಡದ ತುದಿಯಲ್ಲೇ ಆಡಿದವರು ಅವರು. ಅವರ ಮನೆತನದ್ದು ಚಿತ್ರಮಂದಿರದ ವ್ಯವಹಾರ. ಪಂದ್ಯಗಳ ಫಿಲ್ಮನ್ನು ಮತ್ತೆ ಮತ್ತೆ ಓಡಿಸಿ ಒಂದೊಂದು ಹೆಜ್ಜೆಯನ್ನೂ ಅಳೆಯುವ ರೂಢಿಯನ್ನು ಅವರು ತರಬೇತಿಗೆ ತಂದರು. ಓಟದ ದಾರಿಗಳಿಗೆ ಅಂಕಿಗಳು ಬಂದವು. 0ಯಿಂದ 9ರವರೆಗಿನ ಈ ದಾರಿಗಳನ್ನು ಕಾಗದದ ಮೇಲೆ ಬರೆದರೆ ಒಂದೇ ಕಾಂಡದಿಂದ ಎಡಕ್ಕೂ ಬಲಕ್ಕೂ ಕೊಂಬೆ ಒಡೆದ ಮರದಂತೆ ಕಾಣುತ್ತದೆ. 9 ಎಂದರೆ ತಿರುಗದೆ ನೇರ ಓಟ. ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡುವುದು ಹಿಡಿಯುವವನು ತಿರುಗುವ ಮೊದಲೇ. ಹಾಗಾಗಿ 12ನೆಯ ಗಜದಲ್ಲಿ ತಿರುಗಬೇಕಾದವನು 13ನೆಯ ಗಜದಲ್ಲಿ ತಿರುಗಿದರೆ ಚೆಂಡು ಎದುರಾಳಿಯ ಕೈಸೇರಬಹುದು.

ಹೊರಗಿನಿಂದ ನೋಡುವವರಿಗೆ ಕಾಣುವುದು ಕೊನೆಯ ನೆಗೆತ ಮಾತ್ರ. ಮೈದಾನದಲ್ಲಿ ತರಬೇತುದಾರ ಕಲಿಸುವುದು ಅದಕ್ಕೆ ಮುಂಚಿನದನ್ನು: ಯಾವ ಕಾಲು ಮುಂದೆ ಇಟ್ಟು ನಿಲ್ಲಬೇಕು, ತೋಳು ಹಿಡಿದೆಳೆಯುವ ಎದುರಾಳಿಯ ಕೈಯನ್ನು ಹೇಗೆ ಬಿಡಿಸಿಕೊಳ್ಳಬೇಕು, ತಿರುಗುವಾಗ ಸೊಂಟವನ್ನು ಎಷ್ಟು ತಗ್ಗಿಸಬೇಕು, ಚೆಂಡು ಅಂಗೈ ಸೇರುವವರೆಗೂ ಕಣ್ಣು ಕದಲಿಸದಿರುವುದು ಹೇಗೆ. ತನ್ನ ಕಡೆಗೆ ಚೆಂಡು ಬರದ ಆಟಗಳಲ್ಲಿ ಇನ್ನೊಬ್ಬನ ದಾರಿಗೆ ಅಡ್ಡ ಬರುವವರನ್ನು ತಡೆಯುವುದೂ ಈ ಪಾಠದ ಭಾಗ. ಅದಕ್ಕೆ ಚಪ್ಪಾಳೆ ಸಿಗುವುದಿಲ್ಲ.

ಯಾರಿಗೆ ಬಾಗಿಲು ತೆರೆದಿತ್ತು?

ಈ ಪರಂಪರೆಗೆ ಒಂದು ಕಪ್ಪು ಅಧ್ಯಾಯವೂ ಇದೆ. ಹಟ್ಸನ್ ಆಡಿದ ಅಲಬಾಮಾ ತಂಡದ ಇನ್ನೊಂದು ತುದಿಯಲ್ಲಿದ್ದವರು ಪಾಲ್ ‘ಬೇರ್’ ಬ್ರಯಂಟ್. ಮುಂದೆ ಅದೇ ವಿಶ್ವವಿದ್ಯಾಲಯದ ತರಬೇತುದಾರರಾಗಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಆದರೆ 1971ರವರೆಗೆ ಅವರ ತಂಡದ ಪರವಾಗಿ ಪಂದ್ಯಕ್ಕಿಳಿದವರೆಲ್ಲ ಬಿಳಿಯರೇ. ದಕ್ಷಿಣದ ಬಹುತೇಕ ವಿಶ್ವವಿದ್ಯಾಲಯಗಳ ಕತೆ ಇದೇ.

ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ತರಬೇತುದಾರ ಹೇಡನ್ ಫ್ರೈ 1965ರಲ್ಲಿ ಬೋಮಾಂಟ್ ಊರಿನ ಜೆರ್ರಿ ಲೆವಾಯಸ್ ಎಂಬ ಕಪ್ಪು ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆತಂದರು. ಸೌತ್‌ವೆಸ್ಟ್ ಒಕ್ಕೂಟದ ಕಾಲೇಜುಗಳಲ್ಲಿ ಫುಟ್‌ಬಾಲ್‌ಗಾಗಿ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರ ಆತ. ಆಳು ಎತ್ತರವಿಲ್ಲ, ಓಟದಲ್ಲಿ ಮಾತ್ರ ಎದುರಿಲ್ಲ. 1966ರಲ್ಲಿ ಲೆವಾಯಸ್ ಕಣಕ್ಕಿಳಿದ ಮೊದಲ ಋತುವಿನಲ್ಲೇ ತಂಡ ಒಕ್ಕೂಟದ ಪ್ರಶಸ್ತಿ ಗೆದ್ದಿತು. ಜೊತೆಗೆ ಬಂದದ್ದು ಬೈಗುಳದ ಪತ್ರಗಳು, ಕೊಲೆ ಬೆದರಿಕೆಗಳು. 1968ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿರುದ್ಧದ ಪಂದ್ಯದಲ್ಲಿ ಎದುರಾಳಿಯೊಬ್ಬ ಮುಖಕ್ಕೆ ಉಗುಳಿದ. ಲೆವಾಯಸ್ ಶಿರಸ್ತ್ರಾಣ ಎಸೆದು, ಇನ್ನು ಆಡುವುದಿಲ್ಲವೆಂದು ಬೆಂಚಿನ ಮೇಲೆ ಕುಳಿತರು. ಫ್ರೈ ಪಕ್ಕಕ್ಕೆ ಬಂದು ಸಮಾಧಾನ ಹೇಳಿದರು. ಎದ್ದು ಮೈದಾನಕ್ಕಿಳಿದ ಲೆವಾಯಸ್, ಎದುರಾಳಿ ಒದ್ದ ಚೆಂಡನ್ನು ಹಿಡಿದು 89 ಗಜ ಓಡಿ ಟಚ್‌ಡೌನ್ ಗಳಿಸಿದರು. ಆ ಓಟವನ್ನು ಅವರು ಮುಂದೆ ಹೆಮ್ಮೆಯಿಂದ ನೆನೆಯಲಿಲ್ಲ. ಅಂದು ತಮ್ಮನ್ನು ಓಡಿಸಿದ್ದು ದ್ವೇಷ ಎಂಬ ಅಳುಕು ಅವರಿಗೆ ಉಳಿದಿತ್ತು. ಆ ಹೊತ್ತಿನಲ್ಲಿ ತರಬೇತುದಾರನ ಪಾಠ ಕೈಗಳಿಗೆ ಬೇಕಿರಲಿಲ್ಲ, ಮನಸ್ಸಿಗೆ ಬೇಕಿತ್ತು.

ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿದ್ದ ಕಾಲದಿಂದಲೂ ಕಪ್ಪು ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಕಾಲೇಜುಗಳಲ್ಲೂ ಈ ಕಲೆ ಬೆಳೆಯಿತು. ಮಿಸಿಸಿಪ್ಪಿಯ ಜೆರ್ರಿ ರೈಸ್ ಅವರ ತಂದೆ ಇಟ್ಟಿಗೆ ಕೆಲಸದ ಮೇಸ್ತ್ರಿ. ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಎತ್ತರದಲ್ಲಿ ನಿಂತು ಹಿಡಿಯುವುದು ರೈಸ್ ಕೆಲಸವಾಗಿತ್ತು. ಶಾಲೆಯಲ್ಲಿ ತರಗತಿ ತಪ್ಪಿಸಿ ಸಿಕ್ಕಿಬಿದ್ದು ಓಟ ಕಿತ್ತಾಗ, ಆ ವೇಗ ಕಂಡ ಉಪ ಪ್ರಾಂಶುಪಾಲರು ಅವರನ್ನು ಫುಟ್‌ಬಾಲ್ ತಂಡಕ್ಕೆ ದಾಟಿಸಿದರಂತೆ. ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ತರಬೇತುದಾರ ಆರ್ಚಿ ಕೂಲಿ ಹಿಡಿಯುವವರನ್ನು ಒಂದೇ ಬದಿಯಲ್ಲಿ ಸಾಲಾಗಿ ನಿಲ್ಲಿಸಿ ಚೆಂಡು ಎಸೆಸುವ ಪದ್ಧತಿ ತಂದರು. 1984ರಲ್ಲಿ ಆ ತಂಡ ಪಂದ್ಯವೊಂದಕ್ಕೆ ಸರಾಸರಿ 60ಕ್ಕೂ ಹೆಚ್ಚು ಅಂಕ ಗಳಿಸಿತು. ರೈಸ್ ವೃತ್ತಿಪರ ಆಟದಲ್ಲಿ ಒಟ್ಟು 1,549 ಸಲ ಚೆಂಡು ಹಿಡಿದು, ಹಟ್ಸನ್ ಒಮ್ಮೆ ನಿಂತಿದ್ದ ಎತ್ತರಕ್ಕೇರಿದರು.

ಗಾಳಿಯಲ್ಲಿರುವವನ ಅಪಾಯ

1906ರ ಸುಧಾರಣೆ ಗುಂಪಿನ ಅಡಿಯಲ್ಲಿ ಸಿಕ್ಕಿ ಸಾಯುತ್ತಿದ್ದವರನ್ನು ಉಳಿಸಲು ಬಂದದ್ದು. ಅದರಿಂದ ಇನ್ನೊಂದು ಬಗೆಯ ಅಪಾಯ ಹುಟ್ಟಿತು. ಚೆಂಡಿಗಾಗಿ ಮೇಲಕ್ಕೆ ನೆಗೆದವನ ಕೈಗಳೆರಡೂ ಮೇಲಿರುತ್ತವೆ, ಕಣ್ಣು ಚೆಂಡಿನ ಮೇಲಿರುತ್ತದೆ, ಪಕ್ಕೆಲುಬೂ ತಲೆಯೂ ತೆರೆದಿರುತ್ತವೆ. 1978ರ ಆಗಸ್ಟ್‌ನಲ್ಲಿ ವೃತ್ತಿಪರ ತಂಡಗಳ ಅಭ್ಯಾಸ ಪಂದ್ಯವೊಂದರಲ್ಲಿ, ಕೈಗೆಟುಕದ ಚೆಂಡಿಗೆ ಚಾಚಿದ್ದ ಡ್ಯಾರಿಲ್ ಸ್ಟಿಂಗ್ಲಿ ಎಂಬ ರಿಸೀವರ್‌ಗೆ ಎದುರಿನಿಂದ ಹೊಡೆತ ಬಿತ್ತು. ಕುತ್ತಿಗೆ ಮುರಿದು, 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಗಾಲಿಕುರ್ಚಿಯಲ್ಲೇ ಇದ್ದರು. ಆ ಹೊಡೆತ ಆಗಿನ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ರಕ್ಷಣೆಯಿಲ್ಲದ ಆಟಗಾರನ ತಲೆ, ಕುತ್ತಿಗೆಗೆ ಗುರಿಯಿಟ್ಟು ಹೊಡೆದವನನ್ನು ಪಂದ್ಯದಿಂದಲೇ ಹೊರಹಾಕುವ ನಿಯಮ ಕಾಲೇಜು ಆಟದಲ್ಲಿ ಬಂದದ್ದು 2013ರಲ್ಲಿ.

ಈ ಹಿನ್ನೆಲೆಯಲ್ಲಿ ನೋಡಿದರೆ ಹಿಡಿಯುವವರ ತರಬೇತುದಾರನ ಕೆಲಸ ಅಂಕ ಗಳಿಕೆಯ ಮಾತಷ್ಟೇ ಅಲ್ಲ. ಎದುರಾಳಿಗಳು ಎಲ್ಲೆಲ್ಲಿ ನಿಂತಿದ್ದಾರೆಂದು ಮೊದಲೇ ಓದುವುದು, ಯಾವ ಜಾಗದಲ್ಲಿ ಓಟ ನಿಧಾನಿಸಬೇಕೆಂದು ತಿಳಿಯುವುದು, ಚೆಂಡನ್ನು ಮೈಗೆ ಒತ್ತಿಕೊಂಡು ಸರಿಯಾಗಿ ಬೀಳುವುದು, ಇವೆಲ್ಲ ಮೈ ಕಾಯ್ದುಕೊಳ್ಳುವ ವಿದ್ಯೆಗಳು. ನಿಯಮಗಳು ತಡವಾಗಿ ಬರುತ್ತವೆ. ಅದುವರೆಗೆ ಹುಡುಗನಿಗೆ ಕಾವಲಾಗಿರುವುದು ಅವನಿಗೆ ಕಲಿಸಿದ ಪಾಠ ಮಾತ್ರ.

ಮತ್ತೆ ನೋಟರ್ ಡೇಮ್ ಎದುರು

ಒಹಾಯೊ ಸ್ಟೇಟ್ ಮೊದಲಿನಿಂದಲೂ ಹಿಡಿಯುವವರ ತವರಾಗಿರಲಿಲ್ಲ. 1951ರಿಂದ 1978ರವರೆಗೆ ಅಲ್ಲಿ ತರಬೇತುದಾರರಾಗಿದ್ದ ವುಡಿ ಹೇಸ್ ಅವರಿಗೆ ಎಸೆತವೆಂದರೆ ಅಷ್ಟಕ್ಕಷ್ಟೆ, ನೆಲ ಹಿಡಿದು ನುಗ್ಗುವುದೇ ಅವರ ಆಟ. ಮುಂದೆ ವೃತ್ತಿಪರ ಆಟದ ಶ್ರೇಷ್ಠ ರಿಸೀವರ್‌ಗಳಲ್ಲಿ ಒಬ್ಬರೆನಿಸಿದ ಪಾಲ್ ವಾರ್‌ಫೀಲ್ಡ್ ಅವರನ್ನೂ ಅಲ್ಲಿ ಚೆಂಡು ಹೊತ್ತು ಓಡುವ ಸ್ಥಾನದಲ್ಲೇ ಆಡಿಸಿದ್ದರು. ಆ ವಿಶ್ವವಿದ್ಯಾಲಯದ ವೈಡ್ ರಿಸೀವರ್ ಒಬ್ಬರು ಮೊದಲ ಸಲ ರಾಷ್ಟ್ರದ ಅತ್ಯುತ್ತಮ ಆಟಗಾರರ ಪಟ್ಟಿ ಸೇರಿದ್ದು 1986ರಲ್ಲಿ. ಅವರು ಕ್ರಿಸ್ ಕಾರ್ಟರ್.

ಹಾರ್ಟ್‌ಲೈನ್ 2006ರಿಂದ 2008ರವರೆಗೆ ಅಲ್ಲೇ ರಿಸೀವರ್ ಆಗಿದ್ದವರು. ಏಳು ವರ್ಷ ವೃತ್ತಿಪರ ತಂಡಗಳಲ್ಲಿ ಆಡಿ, 2018ರಲ್ಲಿ, 31ರ ವಯಸ್ಸಿನಲ್ಲಿ, ರಿಸೀವರ್‌ಗಳ ಹೊಣೆ ಹೊತ್ತರು. ಮೊದಲಿಗೆ ಅದು ತಾತ್ಕಾಲಿಕ ಹುದ್ದೆ. ಅವರ ಕೈಕೆಳಗೆ ಆಡಿದ ವಿಲ್ಸನ್ ಮತ್ತು ಒಲಾವೆ 2022ರ ವೃತ್ತಿಪರ ಆಯ್ಕೆಯಲ್ಲಿ ದೇಶಕ್ಕೇ 10 ಮತ್ತು 11ನೆಯವರಾದರು. 2023ರಲ್ಲಿ ಸ್ಮಿತ್-ಇನ್‌ಜಿಗ್ಬಾ 20ನೆಯವರು, 2024ರಲ್ಲಿ ಹ್ಯಾರಿಸನ್ 4ನೆಯವರು, 2025ರಲ್ಲಿ ಎಮೆಕಾ ಎಗ್ಬೂಕಾ 19ನೆಯವರು. ಸತತ ನಾಲ್ಕು ವರ್ಷ ಮೊದಲ ಸುತ್ತಿನಲ್ಲೇ ಐವರು. ಪ್ರತಿಭಾವಂತರನ್ನು ಆರಿಸಿ ತಂದರೆ ಇದೇನು ಮಹಾ ಎನ್ನುವವರಿದ್ದಾರೆ. ಆರಿಸಿ ತಂದದ್ದು ನಿಜ. ಆದರೆ ಸ್ವತಃ ಹಿಡಿದು ಹೊಡೆತ ತಿಂದವನ ಮಾತಿಗೆ ಹುಡುಗರು ಕೊಡುವ ಬೆಲೆಯೂ ಅಷ್ಟೇ ನಿಜ.

2025ರ ಜನವರಿ 20ರ ರಾತ್ರಿ ಅಟ್ಲಾಂಟಾದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. ಒಹಾಯೊ ಸ್ಟೇಟ್‌ಗೆ ಎದುರಾಳಿ ರಾಕ್ನಿಯ ನೋಟರ್ ಡೇಮ್. ಕೊನೆಯ ಮೂರು ನಿಮಿಷದೊಳಗೆ ಒಹಾಯೊ 31-23ರಿಂದ ಮುಂದಿತ್ತು. ಮೂರನೆಯ ಪ್ರಯತ್ನ, ಇನ್ನೂ 11 ಗಜ ಬೇಕು. ಸಿಗದಿದ್ದರೆ ಸಮ ಮಾಡಿಕೊಳ್ಳಲು ನೋಟರ್ ಡೇಮ್‌ಗೆ ಅವಕಾಶ. ಕಾಲೇಜು ಸೇರಿ ಮೊದಲ ವರ್ಷದ ಜೆರಮಾಯ ಸ್ಮಿತ್ ಒಬ್ಬನೇ ಕಾವಲುಗಾರನನ್ನು ಹಿಂದೆ ಹಾಕಿ ಅಂಚಿನುದ್ದಕ್ಕೂ ಓಡಿದ. ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಎಸೆದ ಚೆಂಡು ಕೈ ಸೇರಿ 56 ಗಜ ಬಂತು. ಒಹಾಯೊ 34-23ರಿಂದ ಗೆದ್ದಿತು.

ಓಟ ನಿಲ್ಲಿಸದೆ, ಕೈಗಳನ್ನು ಸಡಿಲಬಿಟ್ಟು, ಬೆರಳುಗಳಿಂದ ಹಿಡಿಯುವುದು: 1913ರ ಬೇಸಿಗೆಯಲ್ಲಿ ರಾಕ್ನಿ ಮರಳ ಮೇಲೆ ರೂಢಿಸಿಕೊಂಡದ್ದು ಅದನ್ನೇ. ಅಂದು ಅದರಿಂದ ಗೆದ್ದ ಕಾಲೇಜೇ 112ನೆಯ ವರ್ಷದಲ್ಲಿ ಅದರಿಂದ ಸೋತಿತು. ಮರುದಿನದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಹಿಡಿದ ಹುಡುಗನ ಚಿತ್ರ, ಎಸೆದವನ ಹೆಸರು. ಕೈಗಳಿಗೆ ಪಾಠ ಹೇಳಿದವರನ್ನು ಅಂಕಪಟ್ಟಿಯಲ್ಲಿ ಬರೆಯಲು ಜಾಗವಿಲ್ಲ. ಶ್ನೈಡರ್ ಕಾಲದಲ್ಲೂ ಇರಲಿಲ್ಲ.